ಮಲ್ಲಿಗೆ ಸುಟ್ಟ ಗೊಬ್ಬರ

ಅಶ್ಮಿತಾ ಗೊಬ್ಬರದ ಗೋಣಿಯನ್ನು ಎತ್ತಿ ಶೈಲೇಶನ ಕಾಲಬುಡಕ್ಕೇ ಸುರಿದಳು. ಕಂಕನಾಡಿ ಮಾರ್ಕೆಟಿನ ಜನ ತರಕಾರಿ ಆರಿಸುವುದು ಬಿಟ್ಟು ತಿರುಗಿ ನೋಡಿದರು.

"ನಿಮ್ಮ ಗೊಬ್ಬರ. ನನ್ನ ಮಲ್ಲಿಗೆ ಗಿಡ ಎಲ್ಲ ಸುಟ್ಟುಹೋಯ್ತು. ಹಸಿ ಕಸವನ್ನೇ ಗೊಬ್ಬರ ಅಂತ ಕೊಡ್ಲಿಕ್ಕೆ ನಾಚಿಕೆ ಆಗುದಿಲ್ವಾ?"

ಶೈಲೇಶ ಬಗ್ಗಿ ಒಂದು ಹಿಡಿ ಎತ್ತಿ ಮೂಸಿದ. ಇದು ಹದವಾಗಿಯೇ ಇದೆ, ಒಮ್ಮೆ ಗಿಡ ನೋಡುತ್ತೇನೆ ಎಂದ.

"ಸತ್ತ ಮೇಲೆ ಎಂತ ನೋಡುದು?"

ಅವನ ಕಣ್ಣಲ್ಲಿ ಸಿಟ್ಟೇ ಇರಲಿಲ್ಲ. ಅದನ್ನು ಕಂಡು ಅವಳ ಸಿಟ್ಟು ನೆತ್ತಿಗೇರಿತು. ಇಷ್ಟು ಚಂದದ ಮುಖದವನು ಇಷ್ಟು ಮೋಸ ಮಾಡಬಹುದೇ... ಛೀ, ಅವನ ಮುಖ ಕಟ್ಟಿಕೊಂಡು ನನಗೇನು!

ಪಡೀಲಿನ ಮನೆಯ ಟೆರೇಸಿನಲ್ಲಿ ಕುಂಡಗಳಲ್ಲಿ ಬೆಳೆದ ಮಲ್ಲಿಗೆಯೇ ಅಶ್ಮಿತಾಳ ದುಡಿಮೆ. ಮನೆಯಲ್ಲಿ ಅವಳು ಮತ್ತು ಅಜ್ಜಿ ಕಿನ್ನಿ, ಇಬ್ಬರೇ. ಶೈಲೇಶ ಆ ಬೀದಿಯ ಅಡುಗೆಮನೆಗಳ ಕಸ ಒಯ್ದು, ಪ್ರತಿ ಮನೆಗೂ ಬೇರೆ ಡ್ರಮ್ ಇಟ್ಟು ಗೊಬ್ಬರ ಮಾಡುತ್ತಿದ್ದ. ಅವರವರ ಕಸದ ಗೊಬ್ಬರದಲ್ಲಿ ಒಂದು ಪಾಲು ಅವರವರಿಗೇ, ಉಳಿದದ್ದು ತರಕಾರಿ ಬೆಳೆಯುವವರಿಗೆ. ಬಕೆಟ್ಟನ್ನು ಗೇಟಿಗೆ ತಂದುಕೊಡುತ್ತಿದ್ದುದು ಅಜ್ಜಿ. ಹಾಗಾಗಿ ಅಶ್ಮಿತಾ ಅವನನ್ನು ಎದುರೆದುರು ಕಂಡದ್ದು ಮಾರ್ಕೆಟಿನಲ್ಲಿ ಅಂದೇ ಮೊದಲು.

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನಮ್ಮ ಹುಡುಗಿಯ ಮುಂದೆ ಆ ಹಾವು ಏನೇನೂ ಅಲ್ಲ! ಸುಟ್ಟ ಗಿಡಗಳ ಫೋಟೋವನ್ನು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಮನೆಮನೆಗೆ ಹೋಗಿ ಹೇಳಿದಳು. ಪಕ್ಕದ ಮನೆಯ ಡ್ಯಾಫ್ನಿ ಬಾಯಿ ಕಸದ ಬಕೆಟ್ ಕೊಡುವುದನ್ನು ನಿಲ್ಲಿಸಿದರು, ಸುಹರಾ ನಿಲ್ಲಿಸಿದರು, ನೋಡನೋಡುತ್ತಾ ಇಡೀ ಬೀದಿಯೇ ನಿಲ್ಲಿಸಿತು. ಅವನ ಖಾಲಿ ಗಾಡಿ ಹೋಗುವುದನ್ನು ಅವಳು ಟೆರೇಸಿನಿಂದ ನೋಡಿ ಖುಷಿಪಟ್ಟಳು.

*ಅನುಭವಿಸಲಿ... ನನ್ನ ಗಿಡಗಳ ಹಾಗೇ ಒಣಗಲಿ.*

ಹಾಗಿರುವಾಗ ಒಂದು ಬೆಳಿಗ್ಗೆ ಅಜ್ಜಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಭರಣಿ ಖಾಲಿ ಮಾಡಿ, ಅದರ ಉಪ್ಪುನೀರನ್ನು ಕಷ್ಟಪಟ್ಟು ಬಚ್ಚಲಿಗೆ ಒಯ್ಯುತ್ತಿದ್ದರು. ಅಡುಗೆಮನೆಯ ಕಸದ ಬಕೆಟ್ ಇಲ್ಲೇ ಉಂಟಲ್ಲ ಎಂದಳು ಅಶ್ಮಿತಾ.

"ಅದಕ್ಕೆ ಹಾಕ್ಲಿಕ್ಕಿಲ್ಲ ಅಂತ ಆ ಹುಡುಗ ಹೇಳಿದ್ದಾನೆ ಮಗಾ. ಮೊದಲಿನ ಭರಣಿಯದ್ದು ನಾನು ಬಕೆಟಿಗೇ ಹಾಕಿದ್ದೆ, ಸುಮ್ಮನೆ ಯಾಕೆ ಚೆಲ್ಲುದು ಅಂತ. ಗೊಬ್ಬರದ ಹುಳಕ್ಕೆ ಉಪ್ಪು ಆಗುದಿಲ್ಲವಂತೆ. ಒಂದು ದಿನ ನೀನು ಮಾರ್ಕೆಟಿಗೆ ಹೋದಾಗ ಬಂದು, ಕುಂಡದ ಮಣ್ಣು ನಾಲಗೆಗೆ ಹಚ್ಚಿ ನೋಡಿ ಹೋದ. ನಿನಗೆ ಹೇಳುದು ಬೇಡ ಅಂದ."

ಅಶ್ಮಿತಾ ಆ ನೀರಿಗೆ ಬೆರಳದ್ದಿ ನಾಲಗೆಗೆ ಹಚ್ಚಿದಳು, ಬರೀ ಉಪ್ಪು. ಅವಳ ಮನೆಯ ಡ್ರಮ್, ಅವಳ ಮನೆಯದೇ ಉಪ್ಪು, ಅವಳದೇ ಗಿಡ! ಮಲ್ಲಿಗೆ ಸುಟ್ಟದ್ದು ತಾನು ಹಾಕಿದ ಉಪ್ಪೇ ಎಂದು ಅಜ್ಜಿಗೆ ಗೊತ್ತೇ ಇಲ್ಲ. ಅವನು ತಿಳಿಯಗೊಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುತ್ತದೆಯೇ? ಅವಳು ಶೈಲೇಶನ ಗೊಬ್ಬರದ ಶೆಡ್ಡಿಗೆ ಓಡಿದಳು.

ಶೈಲೇಶ ತೊಳೆದ ಡ್ರಮ್ಮುಗಳನ್ನು ಮಾರಲು ಕಟ್ಟಿಡುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ಹಗ್ಗದ ಗಂಟನ್ನು ಇನ್ನಷ್ಟು ಬಿಗಿದ.

"ನನ್ನ ಮೇಲೆ ಸಿಟ್ಟು ಇಲ್ವಾ?"

"ಉಂಟು. ಬೇಕಾದಷ್ಟು ಉಂಟು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಅಜ್ಜಿ ನಿಮ್ಮ ಮುಖ ನೋಡ್ಲಿಕ್ಕೆ ಹೆದರ್ತಿದ್ರು." ಇನ್ನೊಂದು ಡ್ರಮ್ಮಿಗೆ ಹಗ್ಗ ಸುತ್ತಿದ. "ನೀವು ಟೆರೇಸಿನಲ್ಲಿ ಗಿಡಗಳತ್ರ ಮಾತಾಡುದು ನಂಗೆ ಗೇಟಿನ ತನಕ ಕೇಳ್ತಿತ್ತು. ನಾನು ಬಕೆಟಿಗೆ ಬರ್ತಿದ್ದದ್ದಲ್ಲ ಅಶ್ಮಿತಾ... ಅದನ್ನು ಕೇಳ್ಲಿಕ್ಕೆ."

ಅವಳು ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಡ್ರಮ್ಮಿನ ಕಟ್ಟು ಬಿಚ್ಚತೊಡಗಿದಳು. ಕಣ್ಣೀರಿಗೆ ಗಂಟು ಕಾಣಲಿಲ್ಲ.

"ಎಲ್ಲ ಮನೆಗೂ ನೀವೇ ಹೋಗಿ ತಪ್ಪು ನಿಮ್ಮದು ಅಂತ ಹೇಳ್ಬೇಕು," ಎಂದ ಅವನು. "ಅಜ್ಜಿಯ ಹೆಸರು ತೆಗೀಲಿಕ್ಕಿಲ್ಲ."

"ಹೇಳ್ತೇನೆ. ಆಮೇಲೆ?"

"ಆಮೇಲೆ ನಿಮ್ಮ ವಿಷಯ ಅಜ್ಜಿ ಹತ್ರ ಒಂದು ಕೇಳ್ಲಿಕ್ಕುಂಟು."

ಅಶ್ಮಿತಾ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ಅಜ್ಜಿ ಹತ್ರ ಎಂತಕ್ಕೆ? ನನ್ನ ಹತ್ರವೇ ಕೇಳಿ."