ಏಳನೆಯ ಬೆಂಕಿ

ಗಾಜಿನ ಮುಚ್ಚಳದ ಕೆಳಗೆ ಮಖಮಲ್ಲಿನ ಚೂರಷ್ಟೇ ಉಳಿದಿತ್ತು. ಎಂಟು ತಿಂಗಳ ಕೆಲಸ — ಅಂಗೈಯಗಲದ ತಾಮ್ರದ ಬಿಲ್ಲೆಯ ಮೇಲೆ ಎನಾಮಲ್‌ನಲ್ಲಿ, ಅಂದರೆ ಬೆಂಕಿಯಲ್ಲಿ ಬೇಯಿಸುವ ಗಾಜಿನ ಬಣ್ಣದಲ್ಲಿ, ಬರೆದ ಮೂರು ವರ್ಷದ ರಾಜಕುಮಾರಿಯ ಮುಖ — ಮಾಯವಾಗಿತ್ತು.

ಜಿನೀವಾದ ಆ ಕಾರ್ಯಶಾಲೆಯ ಯಜಮಾನ ರೋಷಾ ಎಲೋಡಿಯತ್ತ ಬೆರಳು ತೋರಿಸಿದ. ಚಿತ್ರ ಬರೆದವಳು ಅವಳೇ. ಕೆನ್ನೆ ಇನ್ನಷ್ಟು ಕೆಂಪಾಗಲಿ ಎಂದು ಅರಮನೆಯ ಕಾರ್ಯದರ್ಶಿ ಹೇಳಿ, ಮತ್ತೊಮ್ಮೆ ಬೆಂಕಿಗಿಡಲು ರೋಷಾ ಒಪ್ಪಿದಾಗ, ಮಗು ಇದ್ದದ್ದೇ ಹೀಗೆ ಎಂದು ವಾದಿಸಿದವಳೂ ಅವಳೇ.

"ಸಂಜೆ ಕಾರ್ಯದರ್ಶಿಗಳ ಸಾರೋಟು ಹೊರಡೋದ್ರೊಳಗೆ ಸಿಗದಿದ್ರೆ, ಇವಳನ್ನ ಜೈಲಿಗೆ ಕರ್ಕೊಂಡು ಹೋಗಿ."

ಪತ್ತೇದಾರ ಬೊವಿಯೆ ಕೇಳಿದ: "ಊಟದ ಹೊತ್ತಲ್ಲಿ ಇಲ್ಲಿ ಯಾರಿದ್ರು?"

"ನಾನು," ಎಂದಳು ಎಲೋಡಿ. "ಕುಲುಮೆ ಹತ್ರ ಪೆರ್ನೆತ್ ಅಜ್ಜಿ."

"ಬಿಟ್ಟು ಹೋದ್ರೆ ಬೆಂಕಿ ಮುನಿಸ್ಕೊಳ್ತದೆ ಸಾಹೇಬ್ರೆ, ನನ್ನ ಗಂಡನ ಹಾಗೆ," ಎಂದಳು ಪೆರ್ನೆತ್. ಮೂವತ್ತು ವರ್ಷಗಳಿಂದ ಬಿಲ್ಲೆಗಳನ್ನು ಕುಲುಮೆಗಿಟ್ಟು ತೆಗೆಯುತ್ತಿದ್ದವಳು.

ಬೆಂದ ಬಿಲ್ಲೆಗಳು ತಣಿಯುವ ಹಲಗೆಯುದ್ದಕ್ಕೂ ಬೊವಿಯೆ ಭೂತಗನ್ನಡಿ ಹಿಡಿದು ನಡೆದ. ಗುಲಾಬಿ, ಸರೋವರ, ಕುರಿಗಾಹಿ ಹುಡುಗಿ. ಒಂದು ನೇರಳೆ ಹೂವಿನ ಮುಂದೆ ನಿಂತ. ಅದರ ಮೇಲೊಂದು ಬೂದು ಉಣ್ಣೆಯೆಳೆ. ಊದಿದ, ಹಾರಲಿಲ್ಲ.

"ಟರ್ಪೆಂಟೈನ್ ಕೊಡಿ."

ಬಟ್ಟೆಯಿಂದ ಒರೆಸುತ್ತ ಹೋದಂತೆ ಎಸಳಿನಡಿಯಿಂದ ಒಂದು ಕಣ್ಣು ನೋಡಿತು. ಮತ್ತೆ ಹಣೆ, ಮಾಸಲು ಕೆನ್ನೆ, ಒಂದೊಂದೂ ಎಣಿಸಬಹುದಾದ ರೆಪ್ಪೆಗೂದಲು. ಬೊವಿಯೆಯ ಕೈ ತಾನಾಗಿ ಮೆಲ್ಲಗಾಯಿತು.

"ಇಲ್ಲಿ ಬಣ್ಣ ಗಟ್ಟಿಯಾಗೋದು ಬೆಂಕಿಯಲ್ಲಿ. ಬೆಂದ ಗಾಜಿಗೆ ಎಳೆ ಯಾಕೆ ಅಂಟ್ಬೇಕು? ಇದು ಕಿಟಕಿಗೆ ಬಳಿಯೋ ಹಸಿ ಎಣ್ಣೆಬಣ್ಣ. ಅದರಿಂದ ಒಳಗಿನ ಚಿತ್ರಕ್ಕೆ ಏನೂ ಆಗಲ್ಲ ಅಂತ ಗೊತ್ತಿದ್ದವರ ಕೆಲಸ."

"ಅಂದ್ರೆ ಎಲೋಡಿ—" ಎಂದ ರೋಷಾ.

"ಧೂಳಿಗೆ ಹೆದರಿ ನಿಮ್ಮ ಚಿತ್ರಕಾರರು ಯಾರೂ ಉಣ್ಣೆ ತೊಡೋದಿಲ್ಲ. ಅದೂ ಇರಲಿ, ಆ ಹೂ ನೋಡಿದ್ರಲ್ಲ? ಈ ರೆಪ್ಪೆ ಬರೆದ ಕೈ ಬೇಕಂದ್ರೂ ಅಷ್ಟು ಕೆಟ್ಟದಾಗಿ ಬರೆಯಲಾರದು. ಇಲ್ಲಿ ಕುಂಚ ಹಿಡಿಯದವರು ಒಬ್ಬರೇ — ಪೆರ್ನೆತ್."

ಮುದುಕಿ ಬೂದು ಶಾಲು ಸರಿಪಡಿಸಿಕೊಂಡಳು. "ಅಷ್ಟು ಕೆಟ್ಟದಾಗಿತ್ತಾ?"

"ಎಲೆಕೋಸು ಅಂದ್ಕೊಂಡೆ."

"ಸಾರೋಟು ಹೊರಟ ಮೇಲೆ ಕೊಡೋಣ ಅಂತಿದ್ದೆ. ಇವಳನ್ನ ಹಿಡೀತಾರೆ ಅಂತ ಎಣಿಸಿರ್ಲಿಲ್ಲ. ಕಿವಿ ಪಕ್ಕ ನೋಡಿ ಯಜಮಾನ್ರೆ. ಆರನೇ ಸಲ ಬೆಂಕಿಯಿಂದ ತೆಗೆದಾಗ ಅಲ್ಲಿ ಗುಳ್ಳೆ ಎದ್ದಿತ್ತು. ಕೆನ್ನೆ ಕೆಂಪು ಮಾಡೋಕೆ ಏಳನೇ ಸಲ ಬೆಂಕಿಗಿಟ್ರೆ ಮುಖಾನೇ ಒಡೀತದೆ."

ರೋಷಾ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಸಾಸಿವೆಗಿಂತ ಸಣ್ಣದು, ಆದರೆ ಇತ್ತು.

"ನನಗೆ ಹೇಳ್ಬಾರದಿತ್ತಾ?"

"ಮೂರು ಸಲ ಹೇಳ್ದೆ. ನಿನ್ನ ಕುಲುಮೆ ನೋಡ್ಕೋ ಅಂದ್ರಿ."

ರೋಷಾ ಚಿತ್ರವನ್ನು ತಾನೇ ಮಖಮಲ್ಲಿನ ಮೇಲಿಟ್ಟ. ಎಲೋಡಿಯ ಮುಖ ನೋಡಲು ಅವನಿಗಾಗಲಿಲ್ಲ.

"ಮಗು ಇದ್ದದ್ದೇ ಹೀಗೆ ಅಂತ ಕಾರ್ಯದರ್ಶಿಗೆ ನಾನೇ ಹೇಳ್ತೀನಿ," ಎಂದ. "ಪೆರ್ನೆತ್, ಕುಲುಮೆ ಆರಿಸು."