ತೆರೆದು ನೋಡದ ಕಾಪಿ

“ಯಾರನ್ನ ಕೇಳಿ ಕಾಪಿ ಮಾಡ್ತಿದೀರಿ?”

ಹೇಮಶ್ರೀಯ ದನಿಗೆ ಕಂಪ್ಯೂಟರ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರೂಪೇಶ್ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ ಕಕ್ಕಾಬಿಕ್ಕಿಯಾದ.

ಮಾನಿಟರಿನಲ್ಲಿ ಹಸಿರು ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಅವಳ ಹಳೆಯ ಹಾರ್ಡ್ ಡಿಸ್ಕಿನಿಂದ ಅವನ ಸ್ವಂತ ಡಿಸ್ಕಿಗೆ! ಅಲ್ಲಿನ ಫೋಲ್ಡರಿಗೆ ‘ಹೇಮಶ್ರೀ’ ಅಂತ ಅವಳ ಹೆಸರು ಬೇರೆ!

ಇದ್ದ ಕೆಲಸ ಇಷ್ಟೇ. ಭದ್ರಾವತಿಯ ಮನೆಯಲ್ಲಿ ಕೆಟ್ಟು ಕೂತ ಕಂಪ್ಯೂಟರಿನ ಡಿಸ್ಕನ್ನು ಹೊಸ ಡೆಸ್ಕ್‌ಟಾಪಿಗೆ ಜೋಡಿಸುವುದು. ಹೊಸದನ್ನು ಮಾರಿದವನೂ ಇವನೇ, ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಆಮೇಲೆ ಅವಳು ಮೌಸ್ ಸರಿಯಿಲ್ಲ ಅಂತ ಒಮ್ಮೆ, ಕೀಬೋರ್ಡ್ ಸದ್ದು ಮಾಡುತ್ತೆ ಅಂತ ಇನ್ನೊಮ್ಮೆ ಬಂದಿದ್ದಳು. ಎರಡೂ ಚೆನ್ನಾಗಿಯೇ ಇದ್ದವು. ಅದು ಅವನಿಗೂ ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೇ.

ಅಂಥವನು... ಕದಿಯುತ್ತಿದ್ದಾನಾ?

ಗೆಳತಿ ಮಾನಸ ರಿಪೇರಿಗೆ ಕೊಟ್ಟ ಫೋನಿನಿಂದ ಅವಳ ಫೋಟೋಗಳು ಊರೆಲ್ಲ ಸುತ್ತಿದ್ದನ್ನು ಹೇಮಶ್ರೀ ಕಣ್ಣಾರೆ ಕಂಡಿದ್ದಳು. ಹಾವು ತುಳಿದವರಿಗೆ ಹಗ್ಗ ಕಂಡರೂ ಭಯ. “ಬಿಟ್ಟು ಹೋಗಿ, ನಾಳೆ ಕೊಡ್ತೀನಿ” ಎಂದು ರೂಪೇಶ್ ಹೇಳಿದಾಗಲೇ ಅನುಮಾನ ಬಂದು, ಅಂಗಡಿಯಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ತಂಗಿ ಕವನಳ ಫೋನ್ ಬಂತೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಹೀಗೆ!

“ಮೇಡಂ, ಡಿಸ್ಕ್ ಒಳಗೆ ಟಿಕ್ ಟಿಕ್ ಅಂತಿದೆ. ಜಾಸ್ತಿ ಹೊತ್ತು ಬದುಕಲ್ಲ. ಅದಕ್ಕೇ ಮೊದ್ಲು...”

“ನಿಮ್ ಕಥೆ ಬೇಡ!”

“ಅಯ್ಯೋ ಮಾರಾಯ್ತಿ, ಕೇಬಲ್ ಮುಟ್ಬೇಡಿ!”

ಅಷ್ಟರಲ್ಲಿ ಅವಳು ಎಳೆದಾಗಿತ್ತು. ಡಿಸ್ಕ್ ಒಮ್ಮೆ ಕರ್ ಎಂದು ಸುಮ್ಮನಾಯಿತು.

ಡಿಸ್ಕನ್ನೂ ಡೆಸ್ಕ್‌ಟಾಪನ್ನೂ ಕಾರಿಗೆ ಹಾಕಿಕೊಂಡು ಅವಳು ಭದ್ರಾವತಿಗೆ ಹೊರಟುಬಂದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಬೇರೆ ಯಾರೋ ಆಗಿದ್ದರೆ ಬೈದು ಮರೆಯುತ್ತಿದ್ದಳು. ಅವನೇ ಯಾಕಾಗಬೇಕಿತ್ತು?

ಮನೆಯಲ್ಲಿ ಕವನ ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಕೇಬಲ್ ಜೋಡಿಸಿದಳು. ಹಳೆಯ ಡಿಸ್ಕ್ ತಿರುಗಲೇ ಇಲ್ಲ.

“ಅಕ್ಕಾ... ಅಮ್ಮನ ಸೋಬಾನೆ?”

ಅಮ್ಮ ಈಶ್ವರಮ್ಮ ಹಾಡದೆ ಆ ಬೀದಿಯಲ್ಲಿ ಅರಿಶಿನ ಶಾಸ್ತ್ರವೇ ನಡೆಯುತ್ತಿರಲಿಲ್ಲ. ಅಮ್ಮ ತೀರಿಕೊಂಡಿದ್ದರು. ಮುಂದಿನ ವಾರ ಕವನಳ ಅರಿಶಿನ. ಅಮ್ಮನ ಹಾಡುಗಳು ಉಳಿದಿದ್ದು ಆ ಡಿಸ್ಕಿನಲ್ಲಿ ಮಾತ್ರ.

“ಅವ್ನೇ ಏನೋ ಮಾಡಿ ಕೆಡಿಸಿದಾನೆ ಕಣೇ. ಎಲ್ಲ ಅವ್ನ ಹತ್ರ ಇದೆ. ಇನ್ನು ಬೆದರಿಸ್ತಾನೆ ನೋಡ್ತಿರು!”

“ಅನುಮಾನಂ ಪೆದ್ದರೋಗಂ ಅಂತಾರಲ್ಲ, ಅದು ನಿಂಗೆ ಅಂಟಿದೆ ಕಣಕ್ಕಾ.”

ಭಾನುವಾರ ಬೆಳಿಗ್ಗೆ ರೂಪೇಶ್ ಬಾಗಿಲಲ್ಲಿ ನಿಂತಿದ್ದ. ಅವಳು ಬಾಗಿಲನ್ನು ಅರ್ಧಕ್ಕೇ ಹಿಡಿದಳು.

“ಮನೆ ಹೇಗೆ ಗೊತ್ತಾಯ್ತು?”

“ಡೆಸ್ಕ್‌ಟಾಪ್ ಬಿಲ್ಲಲ್ಲಿ ಅಡ್ರೆಸ್ ಇತ್ತು.” ಅವನು ತನ್ನ ಡಿಸ್ಕನ್ನು ಮುಂದೆ ಚಾಚಿದ. “ಅರ್ಧಕ್ಕಿಂತ ಜಾಸ್ತಿ ಕಾಪಿ ಆಗಿದೆ. ಅದ್ರಲ್ಲಿ ಏನಿದ್ಯೋ ಗೊತ್ತಿಲ್ಲ. ನಾನು ತೆರೆದು ನೋಡಿಲ್ಲ.”

“ಹೇಗೆ ನಂಬೋದು?”

“ನಂಬೋಕೆ ದಾರಿ ಇಲ್ಲ. ನೋಡಿಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ.” ಅವನು ತಲೆ ತಗ್ಗಿಸಿದ. “ಹಳೇ ಡಿಸ್ಕ್ ಬಂದ್ರೆ ಮೊದ್ಲು ಕಾಪಿ, ಆಮೇಲೆ ಮಾತು. ಅದು ನಮ್ಮ ಅಂಗಡಿ ಅಭ್ಯಾಸ. ನಿಮ್ಮನ್ನ ಕೇಳ್ಬೇಕಿತ್ತು. ತಪ್ಪು ನಂದೇ.”

ಅವನು ಆಣೆ ಪ್ರಮಾಣ ಮಾಡಿದ್ದರೆ ಅವಳು ಖಂಡಿತ ಬಾಗಿಲು ಹಾಕುತ್ತಿದ್ದಳು. ಈ ಮಾತಿಗೆ ಮಾತ್ರ ಬಾಗಿಲಿಂದ ಪಕ್ಕಕ್ಕೆ ಸರಿದಳು.

“ಒಳಗೆ ಬನ್ನಿ...”

ಅವನು ಡಿಸ್ಕ್ ಜೋಡಿಸಿ ಎದ್ದು, ಪರದೆ ಕಾಣದಂತೆ ಬಾಗಿಲ ಬಳಿ ಹೋಗಿ ನಿಂತ. ಹೇಮಶ್ರೀ ಕಂಪ್ಯೂಟರಿನ ಮುಂದೆ ಕೂತಳು. ಒಂದು ಹಾಡು ಒತ್ತಿದಳು...

ಅಮ್ಮ!

ಕವನ ಅಕ್ಕನ ಭುಜಕ್ಕೆ ಮುಖ ಒತ್ತಿ ಅತ್ತಳು. ಹಾಡುಗಳು ಒಂದರ ಹಿಂದೊಂದು ಬಂದವು. ಕೊನೆಗೆ ಅರಿಶಿನದ ಹಾಡು. ಎರಡನೇ ನುಡಿಯ ನಡುವೆ ಅದು ಫಕ್ಕನೆ ನಿಂತುಹೋಯಿತು.

ಅದು ತಾನು ಕೇಬಲ್ ಎಳೆದ ಗಳಿಗೆಯೆಂದು ಹೇಮಶ್ರೀಗೆ ತಿಳಿಯಿತು. ಅಮ್ಮನ ಹಾಡನ್ನು ನಡುವೆ ಕತ್ತರಿಸಿದ್ದು ಅವನಲ್ಲ, ತನ್ನ ಕೈ.

“ನಾನು... ನಾನೇ...”

“ಅಳ್ಬೇಡಕ್ಕಾ. ಮುಂದಿಂದು ನಿಂಗೆ ಬರತ್ತಲ್ಲ. ನೀನೇ ಹೇಳು.”

ಹೇಮಶ್ರೀ ಅಮ್ಮ ನಿಲ್ಲಿಸಿದಲ್ಲಿಂದ ಎತ್ತಿಕೊಂಡು ಹಾಡು ಮುಗಿಸಿದಳು. ಬಾಗಿಲ ಬಳಿ ರೂಪೇಶ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಕವನ ಕಾಫಿಗೆಂದು ಒಳಗೆ ಹೋದಳು. ಅವನು ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ಹಾಕಿಕೊಟ್ಟು, ತನ್ನ ಡಿಸ್ಕನ್ನು ತೋರಿಸಿದ.

“ಇದ್ರಲ್ಲಿರೋದನ್ನ ನಿಮ್ಮ ಕೈಯಿಂದ್ಲೇ ಅಳಿಸಿಬಿಡಿ. ಇನ್ಮೇಲೆ ಅನುಮಾನ ಇರ್ಬಾರ್ದು.”

“ಅವತ್ತು ಅಷ್ಟು ಕೋಪ ಯಾಕೆ ಬಂತು ಗೊತ್ತಾ?” ಅವಳು ಅವನ ಕಣ್ಣು ತಪ್ಪಿಸಲಿಲ್ಲ. “ಹಾಗೆ ಮಾಡಿದ್ದು ನೀವು ಅಂತ. ನಿಮ್ಮನ್ನ ಇಷ್ಟಪಟ್ಟು ಮೋಸ ಹೋದೆ ಅನ್ಕೊಂಡೆ.”

“ಈಗ?”

“ಇಷ್ಟ ಹಾಗೇ ಇದೆ.”

ಅವನು ಮೆಲ್ಲಗೆ, “ನಂಗೂ ಇಷ್ಟ...” ಎಂದ.

ಹೇಮಶ್ರೀ ಡಿಸ್ಕ್ ಬಿಚ್ಚಿ ಅವನ ಕೈಗಿಟ್ಟಳು.

“ಅಳಿಸಲ್ಲ. ನಮ್ಮಮ್ಮನ ದನಿ ನಿಮ್ಮ ಹತ್ರಾನೂ ಇರ್ಲಿ.”

“ಮತ್ತೆ ಅನುಮಾನ ಬಂದ್ರೆ?”

“ಅಂಗಡಿಗೇ ಬಂದು ನೋಡ್ತೀನಿ.”

“ಹಾಗಾದ್ರೆ ದಿನಾ ಅನುಮಾನ ಪಡು, ಮಾರಾಯ್ತಿ!”