ಅಲಾರಂ ಹೊಡೆದಾಗ

"ನನ್ನ ಮಗನ್ನ ಸೊಸೆ ಕೊಂದಿದಾಳೆ. ಬರ್ಕೊಳ್ಳಿ," ಎಂದಳು ಬೆಳಿಗ್ಗೆ ಎಂಟಕ್ಕೆ ಠಾಣೆಗೆ ಬಂದ ತಾಯಿ. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಅಸಹಜ ಸಾವೆಂದು ದೂರು ದಾಖಲಿಸಿಕೊಂಡು ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ ಜೊತೆ ಹೊರಟರು. ಮಂಚದ ಮೇಲೆ ಬಸ್ ಡ್ರೈವರ್, ಇಪ್ಪತ್ತೆಂಟರ ಗಟ್ಟಿ ಆಳು, ನಿದ್ದೆಹೋದವನಂತೆ ಬಿದ್ದಿದ್ದ. ಮೈಮೇಲೆ ಒಂದು ಗೀರೂ ಇಲ್ಲ. ಪಂಚನಾಮೆ ಬರೆದು, ಬೀರು, ಡಬ್ಬಿಗಳನ್ನೆಲ್ಲ ಜಾಲಾಡಿ, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದರು.

"ಏನಾಯ್ತಮ್ಮ?" ಎಂದು ಸೊಸೆಯನ್ನು ಕೇಳಿದರು.

"ಅಲಾರಂ ಹೊಡೀತು. ಬೆಚ್ಚಿಬಿದ್ದು ಎದ್ರು. ಗೊರಗೊರ ಅಂದ್ರು. ಅಷ್ಟೇ."

"ಜಗಳ ಇತ್ತಾ?"

"ಇರ್ತಿತ್ತು. ಫ್ಯಾನ್ ಜೋರಾಗಿ ಇಡೋ ವಿಷಯಕ್ಕೆ."

ಶವಸಂಸ್ಕಾರ ಮುಗಿದ ಮೂರನೆಯ ದಿನ ತಾಯಿಯೇ ಪೊಲೀಸರನ್ನು ಕರೆಸಿ, ಬೀರುವಿನಲ್ಲಿ ಸೊಸೆಯ ಬಟ್ಟೆಯಡಿ ಸಿಕ್ಕಿತೆಂದು ಇಲಿಪಾಷಾಣದ ಪೊಟ್ಟಣ ತೋರಿಸಿದಳು. ತಾವೇ ಜಾಲಾಡಿದ್ದ ಬೀರು ಅದು. ಆದರೂ ಇನ್‌ಸ್ಪೆಕ್ಟರ್ ಸೊಸೆಯನ್ನು ಠಾಣೆಗೆ ಕರೆತಂದು ಸಂಜೆತನಕ ಕೂರಿಸಿ ಕೇಳಿದರು. ಅವಳು ಅದೇ ನಾಲ್ಕು ಮಾತು ಹೇಳಿದಳು. ಆ ಮುಖ ಅವರನ್ನು ಮನೆಗೂ ಹಿಂಬಾಲಿಸಿತು.

ಲ್ಯಾಬ್ ವರದಿಯಲ್ಲಿ ವಿಷದ ಸುಳಿವಿರಲಿಲ್ಲ.

"ಹೃದಯ ನೋಡೋಕೆ ಚೆನ್ನಾಗೇ ಇದೆ," ಎಂದರು ಡಾಕ್ಟರು. "ಅದರ ಕರೆಂಟ್ ಕೆಟ್ಟಿದ್ರೆ ಸತ್ತಮೇಲೆ ಗುರುತು ಉಳಿಯಲ್ಲ. ಕೆಲವರಿಗೆ ದಿಢೀರ್ ಸದ್ದಾದ್ರೆ ಸಾಕು, ಬಡಿತ ತಾಳ ತಪ್ಪಿಬಿಡುತ್ತೆ. ವಂಶದಲ್ಲಿ ಬರೋದು. ಒಡಹುಟ್ಟಿದವರಿದ್ರೆ ಇವತ್ತೇ ಇಸಿಜಿ ಮಾಡ್ಸಿ."

"ನಮ್ಮ ವಂಶದಲ್ಲಿ ಅಂಥದ್ದಿಲ್ಲ," ಎಂದು ತಾಯಿ, ಮನೆಗೆ ಬಂದ ಇನ್‌ಸ್ಪೆಕ್ಟರ್‌ಗೆ ಬಾಗಿಲಲ್ಲೇ ಅಡ್ಡ ನಿಂತಳು.

ಅವಳ ಹಿಂದಿನಿಂದ ಮಗಳು ಚಪ್ಪಲಿ ಮೆಟ್ಟಿಕೊಂಡು ಬಂದಳು. "ಫೋನ್ ಹೊಡೆದಾಗ ಎರಡು ಸಲ ಎಚ್ಚರ ತಪ್ಪಿ ಬಿದ್ದಿದೀನಿ, ಸಾರ್. ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ಲು."

ಇಸಿಜಿ ನೋಡಿದ ಡಾಕ್ಟರು ಅವಳನ್ನು ಮನೆಗೆ ಬಿಡಲಿಲ್ಲ. ದಿನಾ ಮಾತ್ರೆ; ಬಡಿತ ಕೆಟ್ಟರೆ ಶಾಕ್ ಕೊಟ್ಟು ಸರಿಪಡಿಸಲು ಕೊರಳೆಲುಬಿನ ಕೆಳಗೊಂದು ಪುಟ್ಟ ಯಂತ್ರ. ಅವಳು ಉಳಿದಳು.

ಪೊಟ್ಟಣ ಮಾರಿದ ಅಂಗಡಿಯವನು ತಾಯಿಯನ್ನೇ ಗುರುತಿಸಿದ. ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಅವಳನ್ನು ಬಂಧಿಸಿದರು.

"ಸೊಸೆ ಮೇಲೆ ಯಾಕಮ್ಮ ತಪ್ಪು ಹೊರಿಸಿದ್ರಿ?" ಎಂದು ಜೀಪಿನಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.



"ನನ್ನ ತಮ್ಮನೂ ಹಿಂಗೇ ಹೋದ. ಬಾಗಿಲು ಬಡಿದ ಸದ್ದಿಗೆ ಎದ್ದವನು ಅಲ್ಲೇ ಕುಸಿದ. ಅದು ನನ್ನ ಕಡೆಯಿಂದ ಬಂದಿದ್ದು ಅಂದ್ರೆ ಮಗನ್ನ ನಾನೇ ಕೊಂದ ಹಾಗಲ್ವಾ, ಸಾಹೇಬ್ರೆ? ಯಾರಾದ್ರೂ ವಿಷ ಹಾಕಿದ್ರೆ..."

ನ್ಯಾಯಾಲಯಕ್ಕೆ ಹೋಗುವ ಮುನ್ನ ವೈದ್ಯಕೀಯ ತಪಾಸಣೆಯಲ್ಲಿ ಅವಳ ಇಸಿಜಿಯನ್ನೂ ತೆಗೆದರು. ಕಾಗದ ಹೊರಬರುವುದನ್ನೇ ಅವಳು ನೋಡುತ್ತಿದ್ದಳು.

"ಇದೆಯಾ?"

"ಇದೆ," ಎಂದರು ಡಾಕ್ಟರು.

"ಹಾಗಾದ್ರೆ ನನ್ನನ್ಯಾಕೆ ಬಿಟ್ಟಿತು?"

"ಅದು ನಮಗೂ ಗೊತ್ತಿಲ್ಲಮ್ಮ."